ಬಿಂಗ್ ಕ್ರಾಸ್ಬಿಯ ಕಡೆಯ ಕ್ರಿಸ್ಮಸ್: ಒಂದು ದೂರದರ್ಶನ ಕಾರ್ಯಕ್ರಮದ ವಿಮರ್ಶೆ

ಅಮೆರಿಕದ ಸುಪ್ರಸಿದ್ಧ ಗಾಯಕ ಬಿಂಗ್ ಕ್ರಾಸ್ಬಿಯ 'ಮೆರ್ರಿ ಓಲ್ಡ್ ಕ್ರಿಸ್ಮಸ್' ಎಂಬ ದೂರದರ್ಶನ ಕಾರ್ಯಕ್ರಮವು 1977ರ ನವೆಂಬರ್ 30ರಂದು ಅಮೆರಿಕದಲ್ಲಿ ಸಿ.ಬಿ.ಎಸ್. ಜಾಲದ ಮೂಲಕವೂ, ಅದೇ ವರ್ಷದ ಡಿಸೆಂಬರ್ 24ರಂದು ಬ್ರಿಟನ್ನಿನಲ್ಲಿ ಐ.ಟಿ.ವಿ. ಮೂಲಕವೂ ಪ್ರಸಾರವಾಯಿತು. ಅದರ ಅತ್ಯಂತ ಪ್ರಸಿದ್ಧವಾದ ಭಾಗವನ್ನು, ಅಂದರೆ ಕ್ರಾಸ್ಬಿಯೂ ಇಂಗ್ಲೆಂಡಿನ ಯುವ ಗಾಯಕ ಡೇವಿಡ್ ಬೋವಿಯೂ ಕೂಡಿ ಹಾಡಿದ ಹಾಡನ್ನು, ದೃಶ್ಯಮುದ್ರಣ ಮಾಡಿಕೊಂಡದ್ದು ಸೆಪ್ಟೆಂಬರ್ 11ರಂದು, ಲಂಡನ್ ನಗರದ ಹೊರವಲಯದಲ್ಲಿರುವ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ. ಮುದ್ರಣಕ್ಕೂ ಪ್ರಸಾರಕ್ಕೂ ನಡುವೆ, ಅಕ್ಟೋಬರ್ 14ರಂದು, ಕ್ರಾಸ್ಬಿಯು ಮ್ಯಾಡ್ರಿಡ್ ಸಮೀಪದ ಮೈದಾನವೊಂದರಲ್ಲಿ ಗಾಲ್ಫ್ ಆಟ ಮುಗಿಸಿದ ಕೆಲವೇ ನಿಮಿಷಗಳಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಹೀಗಾಗಿ ಹಬ್ಬದ ಶುಭಾಶಯ ಹೇಳುತ್ತ ಪರದೆಯ ಮೇಲೆ ಕಾಣಿಸಿಕೊಂಡವನು ಗತಿಸಿ ಆಗಲೇ 47 ದಿನಗಳು ಕಳೆದಿದ್ದವು.

ಈ ಕಾರ್ಯಕ್ರಮವನ್ನು ಕುರಿತು ಬಂದಿರುವ ಬರೆಹಗಳಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕಂಡುಬರುತ್ತವೆ. ಒಂದು, ಇದು ಹೊಂದಿಕೆಯಿಲ್ಲದ ಇಬ್ಬರನ್ನು ಒಂದೆಡೆ ನಿಲ್ಲಿಸಿದ ಹಾಸ್ಯಾಸ್ಪದ ಪ್ರಸಂಗ ಎಂಬುದು. ಮತ್ತೊಂದು, ಇದು ಎರಡು ತಲೆಮಾರುಗಳು ಸಂಗೀತದಲ್ಲಿ ಒಂದಾದ ಅಪೂರ್ವ ಗಳಿಗೆ ಎಂಬುದು. ಎರಡೂ ಅಭಿಪ್ರಾಯಗಳು ನಾಲ್ಕು ನಿಮಿಷಗಳ ಒಂದು ಹಾಡನ್ನು ಮಾತ್ರ ನೋಡಿ ಹುಟ್ಟಿದವು. ಕಾರ್ಯಕ್ರಮವನ್ನು ಒಂದು ಚಾರಿತ್ರಿಕ ಆಧಾರವೆಂದು ಬಗೆದು, ಅದು ಯಾವ ಪದ್ಧತಿಯ ಫಲ, ಯಾವ ಯಂತ್ರದ ಫಲ, ಯಾವ ಒಪ್ಪಂದದ ಫಲ ಎಂದು ವಿಚಾರಿಸಿದರೆ ಇವೆರಡೂ ಸಾಲವೆಂದು ನಮಗೆ ತೋರುತ್ತದೆ. ಅಲ್ಲಿ ನಡೆದದ್ದು ಐಕ್ಯವಲ್ಲ, ಒಂದು ನಿರಾಕರಣೆಯ ಇತ್ಯರ್ಥ. ಆ ಇತ್ಯರ್ಥವು ಐಕ್ಯದಂತೆ ಕಾಣಲು ಕಾರಣವಾದದ್ದು ಕಾರ್ಯಕ್ರಮದ ಚೌಕಟ್ಟು. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪದ್ಧತಿಯ ವಿಷಯ. ಅಮೆರಿಕದ ದೂರದರ್ಶನದಲ್ಲಿ ಪ್ರತಿ ಡಿಸೆಂಬರಿನಲ್ಲಿಯೂ ಖ್ಯಾತ ಗಾಯಕನೊಬ್ಬನು ಒಂದು ಗಂಟೆಯ ವಿಶೇಷ ಸಂಗೀತ ಕಾರ್ಯಕ್ರಮವನ್ನು ನಡೆಸಿಕೊಡುವುದು 1950ರ ದಶಕದಿಂದ ಬೆಳೆದುಬಂದ ರೂಢಿ. ಪೆರಿ ಕೊಮೊ, ಆಂಡಿ ವಿಲಿಯಮ್ಸ್ ಮೊದಲಾದವರು ಇದರಿಂದಲೇ ಮನೆಮಾತಾದರು. ಇದರ ರಚನೆ ಬಹುಮಟ್ಟಿಗೆ ನಿಶ್ಚಿತವಾದುದು. ರಂಗವು ಗಾಯಕನ ಮನೆಯ ಹಜಾರ. ಅಲ್ಲಿ ಅಲಂಕರಿಸಿದ ಮರ, ಉರಿಯುವ ಅಗ್ಗಿಷ್ಟಿಕೆ, ಒಂದು ಪಿಯಾನೊ. ಮಡದಿ ಮಕ್ಕಳು ಇದ್ದರೆ ಅವರೂ ಉಂಟು. ಬಾಗಿಲ ಗಂಟೆ ಬಾರಿಸುತ್ತದೆ. ಬಾಗಿಲು ತೆರೆದರೆ ಹೊರಗೆ ನಿಂತವನು ದೇಶಕ್ಕೆಲ್ಲ ಪರಿಚಿತನಾದ ಮತ್ತೊಬ್ಬ ಕಲಾವಿದ. ಅತಿಥಿಯು ಅಕಸ್ಮಾತ್ತಾಗಿ ಬಂದವನಂತೆ ನಟಿಸುತ್ತಾನೆ, ಆತಿಥೇಯನು ಅಚ್ಚರಿಗೊಂಡವನಂತೆ ನಟಿಸುತ್ತಾನೆ, ಒಂದೆರಡು ಚತುರೋಕ್ತಿಗಳಾದ ಮೇಲೆ ಹಾಡು. 1957ರ ಡಿಸೆಂಬರಿನಲ್ಲಿ ಫ್ರಾಂಕ್ ಸಿನಾಟ್ರನ 'ಮನೆ'ಗೆ ಹೀಗೆ ಬಂದ ಅತಿಥಿಯು ಸ್ವತಃ ಕ್ರಾಸ್ಬಿಯೇ. 1963ರಲ್ಲಿ ಜೂಡಿ ಗಾರ್ಲೆಂಡ್ ತನ್ನ ಮೂವರು ಮಕ್ಕಳೊಡನೆ ನಡೆಸಿದ ಕಾರ್ಯಕ್ರಮವೂ ಇದೇ ಜಾತಿಯದು. ನೋಡುವವನು ತನ್ನ ಮನೆಯ ಹಜಾರದಲ್ಲಿ ಕುಳಿತು ಮತ್ತೊಬ್ಬನ ಹಜಾರವನ್ನು ನೋಡುತ್ತಾನೆ. ಪ್ರಖ್ಯಾತ ಪುರುಷನಿಗೂ ತನ್ನಂತೆಯೇ ಮನೆಯೊಂದಿದೆ, ಆ ಮನೆಗೆ ತಾನೂ ಬರಮಾಡಿಕೊಳ್ಳಲ್ಪಟ್ಟಿದ್ದೇನೆ ಎಂಬ ಭಾವನೆ ಅವನಲ್ಲಿ ಮೂಡಬೇಕು. ಇಡೀ ರಚನೆಯು ದುಡಿಯುವುದು ಅದಕ್ಕಾಗಿಯೇ.

1977ರ ಕಾರ್ಯಕ್ರಮವು ಈ ರೂಢಿಯ ಮೇಲೆ ಮತ್ತೊಂದು ಕಲ್ಪನೆಯನ್ನು ಹೇರಿತು. ಕ್ರಾಸ್ಬಿಯ ಕುಟುಂಬವು ಆ ಕಾಲದಲ್ಲಿ ವಾಸವಾಗಿದ್ದುದು ಕ್ಯಾಲಿಫೋರ್ನಿಯದಲ್ಲಿ. ಕಥೆಯಲ್ಲಾದರೋ ಸರ್ ಪರ್ಸಿವಲ್ ಕ್ರಾಸ್ಬಿ ಎಂಬ ದೂರದ ಬಂಧುವೊಬ್ಬನು ಅವರನ್ನು ಇಂಗ್ಲೆಂಡಿನ ತನ್ನ ಪುರಾತನ ಭವನಕ್ಕೆ ಹಬ್ಬಕ್ಕಾಗಿ ಕರೆದಿದ್ದಾನೆ. ಮಡದಿ ಕ್ಯಾಥರಿನ್, ಮಕ್ಕಳಾದ ಹ್ಯಾರಿ, ಮೇರಿ, ನಥಾನಿಯಲ್ ಎಲ್ಲರೂ ಬಂದಿದ್ದಾರೆ. ಸ್ಕಾಟ್ಲೆಂಡಿನ ಹಾಸ್ಯನಟ ಸ್ಟ್ಯಾನ್ಲಿ ಬ್ಯಾಕ್ಸ್ಟರ್ ಹಲವು ಪಾತ್ರಗಳನ್ನು ವಹಿಸುತ್ತಾನೆ. ರಾನ್ ಮೂಡಿ, ಟ್ವಿಗಿ, ಟ್ರಿನಿಟಿ ಬಾಲಕರ ಗಾಯನವೃಂದ ಇವರೂ ಇದ್ದಾರೆ. ಹೆಸರಿನಲ್ಲಿರುವ 'ಮೆರ್ರಿ ಓಲ್ಡ್' ಎಂಬ ಮಾತನ್ನು ಇಂಗ್ಲಿಷಿನಲ್ಲಿ ಬೇಕೆಂದೇ ಹಳೆಯ ಕಾಗುಣಿತದಲ್ಲಿ ಬರೆಯಲಾಗಿದೆ. ನಮ್ಮಲ್ಲಿ ಹೊಸದಾಗಿ ಕಟ್ಟಿದ ಕಟ್ಟಡಕ್ಕೆ ಹಳಗನ್ನಡದ ಹೆಸರಿಟ್ಟಂತೆ.

ಇಲ್ಲಿ ತೋರಿಸಿದ 'ಪುರಾತನ' ಇಂಗ್ಲೆಂಡು ಎಷ್ಟು ಪುರಾತನವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯು ಕೇಳದೆ ಇರಲಾರ. ಇಂದು ಇಂಗ್ಲಿಷ್ ಕ್ರಿಸ್ಮಸ್ಸಿನ ಲಕ್ಷಣಗಳೆಂದು ಎಣಿಸುವ ಸಂಗತಿಗಳು ಬಹುಮಟ್ಟಿಗೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ರೂಪುಗೊಂಡವು. ಡಿಕನ್ಸನ 'ಎ ಕ್ರಿಸ್ಮಸ್ ಕ್ಯಾರಲ್' ಪ್ರಕಟವಾದದ್ದು 1843ರಲ್ಲಿ. ರಾಜಕುಟುಂಬವು ಅಲಂಕೃತ ಮರದ ಸುತ್ತ ನಿಂತಿರುವ ಚಿತ್ರವು ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಬಂದದ್ದು 1848ರಲ್ಲಿ. ಜರ್ಮನಿಯಿಂದ ಬಂದ ಆ ಪದ್ಧತಿ ಜನಸಾಮಾನ್ಯರಲ್ಲಿ ವ್ಯಾಪಕವಾದದ್ದು ಅದರ ಬಳಿಕ. ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ 1983ರಲ್ಲಿ ಸಂಪಾದಿಸಿದ ಗ್ರಂಥದ ಮೂಲಕ 'ನಿರ್ಮಿತ ಪರಂಪರೆ' ಎಂಬ ಕಲ್ಪನೆ ಅಧ್ಯಾಪಕರೆಲ್ಲರಿಗೂ ಪರಿಚಿತವಾಗಿದೆ. ಆದರೆ ಆ ಪರಿಭಾಷೆಯನ್ನು ಇಲ್ಲಿ ಹಚ್ಚಿ ಸುಮ್ಮನಾಗುವುದು ಸುಲಭದ ದಾರಿ. ಪರಂಪರೆಯು ನಿರ್ಮಿತವೆಂದು ಹೇಳಿದ ಮಾತ್ರಕ್ಕೆ ಅದು ಜನರ ಮನಸ್ಸನ್ನು ಹಿಡಿದ ಬಗೆ ಅರ್ಥವಾಗುವುದಿಲ್ಲ. ಅದಕ್ಕಾಗಿ ಕ್ರಾಸ್ಬಿಯ ಧ್ವನಿಯ ಚರಿತ್ರೆಯನ್ನೇ ನೋಡಬೇಕು.

ಕ್ರಾಸ್ಬಿಯು 1903ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಟಕೋಮದಲ್ಲಿ ಹುಟ್ಟಿದನು. ಮೈಕ್ರೋಫೋನು ಬರುವುದಕ್ಕೆ ಮುಂಚಿನ ಗಾಯಕರು ರಂಗಮಂದಿರದ ಕಡೆಯ ಸಾಲಿಗೆ ಮುಟ್ಟುವಂತೆ ಕೊರಳೆತ್ತಿ ಹಾಡಬೇಕಾಗಿತ್ತು. ಮೈಕ್ರೋಫೋನು ಕಿವಿಯೆಂಬುದನ್ನೂ, ಕಿವಿಯ ಬಳಿ ಕೂಗಬೇಕಾಗಿಲ್ಲವೆಂಬುದನ್ನೂ ಮೊದಲು ಚೆನ್ನಾಗಿ ತಿಳಿದುಕೊಂಡವರಲ್ಲಿ ಕ್ರಾಸ್ಬಿ ಒಬ್ಬನು. ಪಕ್ಕದಲ್ಲಿ ಕುಳಿತು ಮಾತನಾಡುವವನ ಸಹಜತೆ ಆತನ ಹಾಡಿಗಿತ್ತು. ಇರ್ವಿಂಗ್ ಬರ್ಲಿನ್ ರಚಿಸಿದ 'ವೈಟ್ ಕ್ರಿಸ್ಮಸ್' ಹಾಡನ್ನು ಆತನು 1941ರ ಡಿಸೆಂಬರ್ 25ರಂದು, ಅಂದರೆ ಪರ್ಲ್ ಹಾರ್ಬರಿನ ಮೇಲೆ ಜಪಾನು ದಾಳಿಯಿಟ್ಟ 18 ದಿನಗಳ ಅನಂತರ, ರೇಡಿಯೋದಲ್ಲಿ ಹಾಡಿದನು. ಮುಂದಿನ ವರ್ಷ ದೂರದ ರಣರಂಗಗಳಲ್ಲಿದ್ದ ಸೈನಿಕರು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಅದರ ತಟ್ಟೆಗಳು ಐದು ಕೋಟಿಗೂ ಮಿಗಿಲಾಗಿ ಮಾರಾಟವಾಗಿವೆಯೆಂದು ಎಣಿಕೆ.

ಈ ಹಾಡಿನ ವಿಷಯದಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಬರ್ಲಿನ್ ರಷ್ಯಾ ಸಾಮ್ರಾಜ್ಯದಿಂದ ಬಾಲ್ಯದಲ್ಲಿಯೇ ವಲಸೆ ಬಂದ ಯೆಹೂದ್ಯ. ಮೂಲದಲ್ಲಿ ಈ ಹಾಡಿಗೆ ಒಂದು ಪೀಠಿಕೆಯ ಚರಣವಿದ್ದು, ಅದರಲ್ಲಿ ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ ಕುಳಿತವನೊಬ್ಬನು ಉತ್ತರದ ಹಿಮವನ್ನು ನೆನೆಯುತ್ತಾನೆ. ಪ್ರಸಿದ್ಧವಾದ ಧ್ವನಿಮುದ್ರಿಕೆಯಲ್ಲಿ ಈ ಚರಣವನ್ನು ಬಿಟ್ಟುಬಿಟ್ಟರು. ಹಂಬಲಿಸುವವನು ಎಲ್ಲಿದ್ದಾನೆಂಬ ವಿವರ ಹೋಗಿ ಹಂಬಲ ಮಾತ್ರ ಉಳಿಯಿತು, ಆದುದರಿಂದಲೇ ಯಾವ ಊರಿನವನಿಗಾದರೂ ಅದು ಒಗ್ಗಿತು. ಎರಡನೆಯದಾಗಿ, ಆ ಮುದ್ರಿಕೆ ತಯಾರಾದದ್ದು 1942ರ ಮೇ 29ರಂದು. ಅಚ್ಚು ಸವೆದುಹೋಗಿ ಮತ್ತೆ ಹಾಡಬೇಕಾಗಿ ಬಂದಾಗ, 1947ರ ಮಾರ್ಚಿಯಲ್ಲಿ. ಹಿಮದ ಹಾಡನ್ನು ಬೇಸಗೆಯಲ್ಲಿಯೂ ವಸಂತದಲ್ಲಿಯೂ ಹಾಡುವುದು ಕ್ರಾಸ್ಬಿಗೆ ಹೊಸದಾಗಿರಲಿಲ್ಲ. ಸೆಪ್ಟೆಂಬರಿನ ಎಲ್‌ಸ್ಟ್ರೀಯಲ್ಲಿ ಕ್ರಿಸ್ಮಸ್ ಆಚರಿಸಿದ್ದನ್ನು ಕೆಲವರು ದೊಡ್ಡ ವಿಡಂಬನೆಯೆಂಬಂತೆ ಬರೆಯುತ್ತಾರೆ; ಅದು ಆತನ ಕಸುಬಿನ ನಿತ್ಯಕ್ರಮ.

ಇನ್ನು ಯಂತ್ರದ ವಿಷಯ. ನಮ್ಮ ವಿದ್ಯಾರ್ಥಿಗಳು ಹೆಚ್ಚು ಗಮನವಿಡಬೇಕಾದದ್ದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ. 1940ರ ದಶಕದಲ್ಲಿ ಅಮೆರಿಕದ ದೊಡ್ಡ ರೇಡಿಯೋ ಜಾಲಗಳು ನೇರ ಪ್ರಸಾರವನ್ನು ಒಂದು ವ್ರತದಂತೆ ಪಾಲಿಸುತ್ತಿದ್ದವು. ಪೂರ್ವ ಕರಾವಳಿಗೂ ಪಶ್ಚಿಮ ಕರಾವಳಿಗೂ ಮೂರು ಗಂಟೆಗಳ ವ್ಯತ್ಯಾಸವಿರುವುದರಿಂದ ಕಲಾವಿದರು ಒಂದೇ ಕಾರ್ಯಕ್ರಮವನ್ನು ಒಂದೇ ರಾತ್ರಿ ಎರಡು ಸಲ ನಡೆಸಿಕೊಡುವುದೂ ಉಂಟಾಗಿತ್ತು. ಕ್ರಾಸ್ಬಿಗೆ ಇದು ಸಾಕಾಗಿತ್ತು. ಮುಂಚಿತವಾಗಿ ಮುದ್ರಿಸಿ ಪ್ರಸಾರ ಮಾಡಲು ಎನ್.ಬಿ.ಸಿ. ಸಮ್ಮತಿಸದಿದ್ದುದರಿಂದ ಆತನು 1946ರಲ್ಲಿ ಎ.ಬಿ.ಸಿ.ಗೆ ಹೋದನು. ಅಲ್ಲಿ ಕಾರ್ಯಕ್ರಮವನ್ನು ದೊಡ್ಡ ತಟ್ಟೆಗಳ ಮೇಲೆ ಮುದ್ರಿಸುತ್ತಿದ್ದರು. ಒಂದು ತಟ್ಟೆಯಿಂದ ಮತ್ತೊಂದಕ್ಕೆ ಇಳಿಸಿದಂತೆಲ್ಲ ಧ್ವನಿ ಮಸುಕಾಗುತ್ತಿತ್ತು. ಈ ಸಂದರ್ಭದಲ್ಲಿ ಜ್ಯಾಕ್ ಮಲ್ಲಿನ್ ಎಂಬ ತಂತ್ರಜ್ಞನು, ಯುದ್ಧಾನಂತರ ಜರ್ಮನಿಯಿಂದ ತಂದಿದ್ದ ಎರಡು ಮ್ಯಾಗ್ನೆಟೊಫೋನ್ ಯಂತ್ರಗಳನ್ನೂ 50 ಸುರುಳಿ ಟೇಪನ್ನೂ ಇಟ್ಟುಕೊಂಡು ಕ್ರಾಸ್ಬಿಯ ಬಳಗದ ಮುಂದೆ ಪ್ರಯೋಗ ತೋರಿಸಿದನು. 1947ರ ಅಕ್ಟೋಬರ್ 1ರಂದು ಟೇಪಿನಲ್ಲಿ ಮುದ್ರಿತವಾದ ಕ್ರಾಸ್ಬಿಯ ಕಾರ್ಯಕ್ರಮವು ಪ್ರಸಾರವಾಯಿತು. ಆಂಪೆಕ್ಸ್ ಎಂಬ ಸಣ್ಣ ಸಂಸ್ಥೆಗೆ ಆತನು 50,000 ಡಾಲರುಗಳನ್ನು ಒದಗಿಸಿದನು. 1948ರಲ್ಲಿ ಆ ಸಂಸ್ಥೆಯ ಯಂತ್ರಗಳು ಬಳಕೆಗೆ ಬಂದವು. ದೃಶ್ಯಮುದ್ರಣದ ಯಂತ್ರವನ್ನು ಅದೇ ಸಂಸ್ಥೆಯು 1956ರಲ್ಲಿ ಲೋಕಕ್ಕೆ ತೋರಿಸಿತು. ಅದಕ್ಕೆ ಮುಂಚೆಯೇ, 1951ರಲ್ಲಿ, ಕ್ರಾಸ್ಬಿಯ ಸ್ವಂತ ಪ್ರಯೋಗಶಾಲೆಯಲ್ಲಿ ಮಲ್ಲಿನ್ ಅಂತಹುದೇ ಯಂತ್ರದ ಪ್ರಾಥಮಿಕ ರೂಪವೊಂದನ್ನು ಪ್ರದರ್ಶಿಸಿದ್ದನು.

ಟೇಪನ್ನು ಕತ್ತರಿಸಬಹುದು, ಅಂಟಿಸಬಹುದು. ಒಂದು ದಿನದ ಸಭಿಕರ ನಗೆಯನ್ನು ಕತ್ತರಿಸಿ ಮತ್ತೊಂದು ದಿನದ ಸಪ್ಪೆಯಾದ ಚತುರೋಕ್ತಿಗೆ ಜೋಡಿಸುವ ಕೆಲಸವೂ ಕ್ರಾಸ್ಬಿಯ ಕಾರ್ಯಕ್ರಮದಲ್ಲಿಯೇ ನಡೆಯಿತೆಂದು ಮಲ್ಲಿನ್ ನೆನೆಸಿಕೊಂಡಿದ್ದಾನೆ. ಅಂದಮೇಲೆ ಹಾಡಿದ ಹೊತ್ತಿಗೂ ಕೇಳುವ ಹೊತ್ತಿಗೂ ಇದ್ದ ಕಟ್ಟನ್ನು ಬಿಚ್ಚಿದವರಲ್ಲಿ ಈತನು ಮುಖ್ಯನು. ತೀರಿಕೊಂಡ ಬಳಿಕವೂ ಹಬ್ಬದ ಮನೆಯೊಡೆಯನಾಗಿ ಆತನು ಕಾಣಿಸಿಕೊಂಡದ್ದು ಆಕಸ್ಮಿಕವೆಂದು ಹೇಳಬಹುದು. ಹಾಗೆ ಕಾಣಿಸಿಕೊಳ್ಳುವುದನ್ನು ಸಾಧ್ಯವಾಗಿಸಿದ ವ್ಯವಸ್ಥೆಯು ಮಾತ್ರ ಮೂವತ್ತು ವರ್ಷಗಳ ಹಿಂದೆ ಆತನೇ ಹಣ ತೊಡಗಿಸಿ ಬೆಳೆಸಿದ್ದು. ಶಾಸನವನ್ನು ಓದುವಾಗ ದಾನ ನಡೆದ ತಿಥಿ, ಕಲ್ಲಿನ ಮೇಲೆ ಅಕ್ಷರ ಕೊರೆದ ಕಾಲ, ಪ್ರತಿಯೆತ್ತಿದ ಕಾಲ ಇವನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಮುದ್ರಿತ ಕಾರ್ಯಕ್ರಮಗಳಿಗೂ ಇದೇ ನಿಯಮವನ್ನು ಅನ್ವಯಿಸಬೇಕು. ಹೀಗೆ ಎಚ್ಚರವಹಿಸದ ಬರೆಹಗಳಲ್ಲಿ ಕ್ರಾಸ್ಬಿಯು ತನ್ನ ಸಾವನ್ನು ಅರಿತು ಬೀಳ್ಕೊಂಡಂತೆ ವರ್ಣನೆಗಳು ಬಂದಿವೆ. ಸೆಪ್ಟೆಂಬರ್ 11ರ ಕ್ರಾಸ್ಬಿಯು ಮುಂದೆ ಲಂಡನ್ನಿನ ಪೆಲೇಡಿಯಂ ರಂಗಮಂದಿರದಲ್ಲಿ ಹಾಡಲಿದ್ದ, ಅಕ್ಟೋಬರ್ 10ರಂದು ಬ್ರೈಟನ್ನಿನಲ್ಲಿ ಕಛೇರಿ ಮಾಡಲಿದ್ದ, ಕೈತುಂಬ ಕೆಲಸವಿದ್ದ ಗಾಯಕ.

ಈಗ ಹಾಡಿನ ವಿಚಾರಕ್ಕೆ ಬರೋಣ. ಬಾಗಿಲ ಗಂಟೆ ಬಾರಿಸುತ್ತದೆ. ಕ್ರಾಸ್ಬಿ ಬಾಗಿಲು ತೆರೆಯುತ್ತಾನೆ. ಹೊರಗಿರುವವನು ಡೇವಿಡ್ ಬೋವಿ. ತಾನು ಇದೇ ಬೀದಿಯಲ್ಲಿರುವವನೆಂದೂ, ಸರ್ ಪರ್ಸಿವಲ್ ಇಲ್ಲದಾಗ ಅವನ ಪಿಯಾನೊ ಬಳಸಿಕೊಳ್ಳುವುದುಂಟೆಂದೂ ಹೇಳಿ ಒಳಗೆ ಬರುತ್ತಾನೆ. ಕ್ರಾಸ್ಬಿಗೆ ಆಗ 74 ವರ್ಷ, ಬೋವಿಗೆ 30. ಹಳೆಯ ಗಾಯಕರಲ್ಲಿ ಯಾರನ್ನಾದರೂ ಕೇಳುವೆಯಾ ಎಂಬ ಪ್ರಶ್ನೆಗೆ ಬೋವಿಯು ಜಾನ್ ಲೆನನ್, ಹ್ಯಾರಿ ನಿಲ್ಸನ್ ಇವರ ಹೆಸರು ಹೇಳುತ್ತಾನೆ; ಅಷ್ಟು ಹಿಂದಿನ ಕಾಲಕ್ಕೆ ಹೋಗುವೆಯಾ ಎಂದು ಕ್ರಾಸ್ಬಿಯು ಅಚ್ಚರಿ ನಟಿಸುತ್ತಾನೆ. ಈ ಸಂಭಾಷಣೆಯನ್ನು ಬರೆದುಕೊಟ್ಟಿದ್ದಾರೆಂಬುದು ಪ್ರತಿ ಮಾತಿನಲ್ಲಿಯೂ ಎದ್ದು ಕಾಣುತ್ತದೆ. ಇಬ್ಬರೂ ಒಂದಿಷ್ಟು ಸಂಕೋಚದಿಂದಲೇ ಮಾತನಾಡುತ್ತಾರೆ. ಆಮೇಲೆ ಪಿಯಾನೊದ ಬಳಿ ನಿಂತು ಹಾಡತೊಡಗಿದಾಗ ಆ ಸಂಕೋಚ ಮಾಯವಾಗುತ್ತದೆ.

ಹಾಡು ಎರಡು ಭಾಗಗಳ ಜೋಡಣೆ. ಮೊದಲನೆಯದು 'ಲಿಟ್ಲ್ ಡ್ರಮ್ಮರ್ ಬಾಯ್'. ಅಮೆರಿಕದ ಕ್ಯಾಥರಿನ್ ಡೇವಿಸ್ 1941ರಲ್ಲಿ ಬೇರೊಂದು ಹೆಸರಿನಿಂದ ರಚಿಸಿದ್ದು, 1958ರಲ್ಲಿ ಹ್ಯಾರಿ ಸಿಮಿಯೋನನ ವೃಂದದಿಂದ ಮನೆಮನೆಗೆ ಮುಟ್ಟಿದ್ದು. ಕೊಡಲು ಬೇರೇನೂ ಇಲ್ಲದ ಬಡ ಹುಡುಗನೊಬ್ಬನು ಶಿಶು ಯೇಸುವಿನ ಮುಂದೆ ತನ್ನ ಡೋಲನ್ನು ಬಾರಿಸುವುದು ಅದರ ವಸ್ತು. ಎರಡನೆಯದು 'ಪೀಸ್ ಆನ್ ಅರ್ತ್'. ಇದು ಈ ಕಾರ್ಯಕ್ರಮಕ್ಕಾಗಿಯೇ ಹೊಸದಾಗಿ ಕಟ್ಟಿದ್ದು. ಇದು ಹುಟ್ಟಿದ ಬಗೆಯನ್ನು ಅದರ ಕರ್ತೃಗಳಲ್ಲಿ ಒಬ್ಬನಾದ ಇಯನ್ ಫ್ರೇಸರ್ ಹಲವು ವರ್ಷಗಳ ಬಳಿಕ ತಿಳಿಸಿದ್ದಾನೆ. ಆತನ ಪ್ರಕಾರ, ಸ್ಟುಡಿಯೋಗೆ ಬಂದ ಬೋವಿಯು ಡ್ರಮ್ಮರ್ ಬಾಯ್ ಹಾಡು ತನಗೆ ಸ್ವಲ್ಪವೂ ಹಿಡಿಸದೆಂದೂ, ತಾನು ಹಾಡಲು ಬೇರೆ ಏನಾದರೂ ಇದೆಯೇ ಎಂದೂ ಕೇಳಿದನು. ಆಗ ಫ್ರೇಸರ್, ಲ್ಯಾರಿ ಗ್ರಾಸ್ಮನ್, ಬಜ಼್ ಕೋಹನ್ ಈ ಮೂವರೂ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಪಿಯಾನೊ ಒಂದನ್ನು ಹುಡುಕಿಕೊಂಡು, ಸುಮಾರು 75 ನಿಮಿಷಗಳಲ್ಲಿ ಹೊಸ ಧಾಟಿಯನ್ನೂ ಮಾತುಗಳನ್ನೂ ಸಿದ್ಧಗೊಳಿಸಿದರು. ಗಾಯಕರು ಒಂದು ಗಂಟೆಗೂ ಕಡಮೆ ಅಭ್ಯಾಸ ಮಾಡಿ ಹಾಡಿದರು.

ಬಹುಕಾಲದ ಅನಂತರ ಹೇಳಿದ ನೆನಪನ್ನು ಹಾಗೆಯೇ ಸ್ವೀಕರಿಸಬಾರದೆಂಬುದು ಸರಿ. ನಿಮಿಷಗಳ ಲೆಕ್ಕವು ಕಥೆ ಹೇಳುತ್ತ ಹೇಳುತ್ತ ಅಚ್ಚುಕಟ್ಟಾಗಿರಬಹುದು. ಆದರೆ ಈ ವೃತ್ತಾಂತದ ತಿರುಳಿಗೆ ಹಾಡಿನಲ್ಲಿಯೇ ಆಂತರಿಕ ಪ್ರಮಾಣವಿದೆ. ಮೊದಲ ಸಾಲುಗಳಲ್ಲಿ ಬೋವಿಯು ಕ್ರಾಸ್ಬಿಯ ಜೊತೆಗೂಡುತ್ತಾನೆ. ಬಳಿಕ ಅದನ್ನು ಬಿಟ್ಟು ಮೇಲಿನ ಸ್ಥಾಯಿಯಲ್ಲಿ ಹೊಸ ಧಾಟಿಯನ್ನು ಎತ್ತಿಕೊಳ್ಳುತ್ತಾನೆ. ಕ್ರಾಸ್ಬಿಯು ಕೆಳಗಿನ ಸ್ಥಾಯಿಯಲ್ಲಿ ಹಳೆಯದನ್ನೇ ಮುಂದುವರಿಸುತ್ತಾನೆ. ಎರಡು ಬೇರೆ ಧಾಟಿಗಳು ಒಂದೇ ಕಾಲದಲ್ಲಿ, ಒಂದೇ ಸ್ವರಾಧಾರದ ಮೇಲೆ ನಡೆಯುತ್ತವೆ. ಪಾಶ್ಚಾತ್ಯ ಸಂಗೀತದಲ್ಲಿ ಇದು ಬಹು ಹಳೆಯ ವಿಧಾನ. ಒಂದೇ ಧಾಟಿಯನ್ನು ಹಿಂಬಾಲಿಸಿ ಪಕ್ಕವಾದ್ಯ ನುಡಿಸುವ ಸಂಪ್ರದಾಯಕ್ಕೆ ಒಗ್ಗಿದ ನಮ್ಮ ಕಿವಿಗೆ ಇದು ಮೊದಲ ಸಲ ಗೊಂದಲವೆನಿಸಬಹುದು. ಒಮ್ಮೆ ಕ್ರಾಸ್ಬಿಯನ್ನು ಮಾತ್ರ ಅನುಸರಿಸಿ, ಮತ್ತೊಮ್ಮೆ ಬೋವಿಯನ್ನು ಮಾತ್ರ ಅನುಸರಿಸಿ ಕೇಳಿದರೆ ಹೆಣಿಗೆ ಸ್ಪಷ್ಟವಾಗುತ್ತದೆ. ಹೊಸ ಧಾಟಿಯು ದೀರ್ಘವಾದ ಸ್ವರಗಳಲ್ಲಿ ಚಲಿಸುತ್ತದೆ. ಹಳೆಯದರ ಡೋಲಿನ ಲಯ ಅದರ ಅಡಿಯಲ್ಲಿ ಸಾಗುತ್ತದೆ. ನಡುವಿನ ಒಂದು ಭಾಗದಲ್ಲಿ ಮಾತ್ರ ಇಬ್ಬರೂ ಒಂದೇ ಮಾತನ್ನು ಕೂಡಿ ಹಾಡುತ್ತಾರೆ. ಆಮೇಲೆ ಮತ್ತೆ ತಂತಮ್ಮ ದಾರಿ ಹಿಡಿಯುತ್ತಾರೆ.

ಆದುದರಿಂದ ಇಲ್ಲಿ ಎರಡು ತಲೆಮಾರುಗಳು ಒಂದಾದವೆನ್ನುವುದು ರಚನೆಗೆ ವಿರುದ್ಧವಾದ ಮಾತು. ಹಿರಿಯನು ತನ್ನ ಹಾಡನ್ನು ಬಿಡಲಿಲ್ಲ, ಕಿರಿಯನು ಅದನ್ನು ಪೂರ್ತಿಯಾಗಿ ಹಾಡಲು ಒಪ್ಪಲಿಲ್ಲ. ಒಬ್ಬನ ಧಾಟಿಗೆ ಮತ್ತೊಬ್ಬನು ಅಡ್ಡಬರದಂತೆ ಎಡೆಮಾಡಿಕೊಟ್ಟವರು ನೆಲಮಾಳಿಗೆಯ ಮೂವರು ಕಸುಬುದಾರರು. ಕಾರ್ಯಕ್ರಮದ ಉಳಿದೆಲ್ಲ ಭಾಗಗಳಲ್ಲಿ ಸೌಹಾರ್ದವನ್ನು ಅಭಿನಯಿಸಲಾಗಿದೆ. ಅದು ಬಣ್ಣ ಬಳಿದ ಹಲಗೆಯಂತೆ ತೋರುತ್ತದೆ. ಈ ಒಂದು ಹಾಡಿನಲ್ಲಿ ಭಿನ್ನಾಭಿಪ್ರಾಯವು ನಿಜವಾದುದು, ಅದನ್ನು ಮುಚ್ಚಿಡದೆ ಸಂಗೀತದ ರೂಪಕ್ಕೆ ಇಳಿಸಲಾಗಿದೆ. ಉಳಿದ ಭಾಗಗಳನ್ನು ಮರೆತ ಜನ ಇದೊಂದನ್ನು ಉಳಿಸಿಕೊಂಡದ್ದಕ್ಕೆ ಇದೇ ಕಾರಣವಿರಬಹುದೆಂದು ನಮ್ಮ ಊಹೆ. ಹಾಸ್ಯಾಸ್ಪದವೆನ್ನುವವರು ಬಾಗಿಲ ಬಳಿಯ ಸಂಭಾಷಣೆಯನ್ನು ನೆನೆಸಿಕೊಂಡು ಹಾಗೆನ್ನುತ್ತಾರೆ; ಆ ಮಟ್ಟಿಗೆ ಅವರ ಮಾತು ಒಪ್ಪತಕ್ಕದ್ದೇ.

ಇದೇ ಕಾರ್ಯಕ್ರಮದಲ್ಲಿ ಬೋವಿಯು ಒಂಟಿಯಾಗಿ ಹಾಡುವ ಮತ್ತೊಂದು ಹಾಡಿದೆಯೆಂಬುದನ್ನು ಅನೇಕರು ಮರೆಯುತ್ತಾರೆ. ಅದು 'ಹೀರೋಸ್'. ಬರ್ಲಿನ್ ನಗರವನ್ನು ಸೀಳಿದ್ದ ಗೋಡೆಗೆ ಸಮೀಪದ ಸ್ಟುಡಿಯೋದಲ್ಲಿ ಅದೇ ವರ್ಷದ ಬೇಸಗೆಯಲ್ಲಿ ಸಿದ್ಧವಾದ ಈ ಹಾಡು, ಆ ಗೋಡೆಯ ನೆರಳಿನಲ್ಲಿ ಕೂಡಿದ ಇಬ್ಬರು ಪ್ರೇಮಿಗಳನ್ನು ಕುರಿತದ್ದು. ಆ ಹೆಸರಿನ ಗಾನಸಂಪುಟವು ಬಿಡುಗಡೆಯಾದದ್ದು ಅಕ್ಟೋಬರ್ 14ರಂದು, ಕ್ರಾಸ್ಬಿ ತೀರಿಕೊಂಡ ದಿನವೇ. ಹಬ್ಬದ ಮರ, ಡಿಕನ್ಸನ ಪಾತ್ರಗಳ ಅನುಕರಣೆ, ಬಾಲಕರ ಗಾನ ಇವುಗಳ ನಡುವೆ ಆ ಕಾಲದ ಯೂರೋಪಿನ ರಾಜಕೀಯ ವಾಸ್ತವವು ಇದ್ದಕ್ಕಿದ್ದಂತೆ ತಲೆದೋರುತ್ತದೆ. ಕಾರ್ಯಕ್ರಮಕ್ಕೆ ಅದನ್ನು ಏನು ಮಾಡಬೇಕೆಂಬುದು ತಿಳಿದಿಲ್ಲ. ನಿರ್ದೇಶಕ ಡ್ವೈಟ್ ಹೆಮಿಯನ್ ತನ್ನ ಕೆಲಸದಲ್ಲಿ ನುರಿತವನು. ಆದರೂ ಆ ಭಾಗವು ಹಜಾರಕ್ಕೆ ಸೇರದೆ ಬೇರೆಯಾಗಿಯೇ ನಿಂತಿದೆ. ಯುಗಳಗೀತೆಯಲ್ಲಿ ದೊರೆತ ಪರಿಹಾರವು ಇಲ್ಲಿ ದೊರೆಯಲಿಲ್ಲ. ಹಾಡು ಉತ್ತಮವಾದದ್ದು, ನಿರೂಪಣೆ ದುರ್ಬಲ.

ಯುಗಳಗೀತೆಯ ಮುಂದಿನ ಚರಿತ್ರೆಯನ್ನು ಬೇಗನೆ ಹೇಳಿಬಿಡಬಹುದು. 1982ರಲ್ಲಿ ಆರ್.ಸಿ.ಎ. ಸಂಸ್ಥೆಯು ಅದನ್ನು ತಟ್ಟೆಯ ರೂಪದಲ್ಲಿ ಹೊರತಂದಿತು. ಬೋವಿಗೂ ಆ ಸಂಸ್ಥೆಗೂ ಇದ್ದ ಸಂಬಂಧ ಮುಗಿಯುತ್ತ ಬಂದಿದ್ದ ಕಾಲ ಅದು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು ಮೂರನೆಯ ಸ್ಥಾನಕ್ಕೆ ಏರಿತು. ಅಂದಿನಿಂದ ಅದು ಮೂಲ ಕಾರ್ಯಕ್ರಮದಿಂದ ಬೇರ್ಪಟ್ಟು ಸ್ವತಂತ್ರವಾಗಿ ಸಂಚರಿಸುತ್ತಿದೆ. ಇಂದು ಅಂತರ್ಜಾಲದಲ್ಲಿಯೂ ಹೆಚ್ಚಾಗಿ ಅಷ್ಟು ಭಾಗವನ್ನೇ ನೋಡುತ್ತಾರೆ. ಬೋವಿಯು 2016ರಲ್ಲಿ ತೀರಿಕೊಂಡ ಮೇಲೆ, ಅದನ್ನು ನೋಡುವ ಯುವಕರಿಗೆ ಇಬ್ಬರೂ ಗತಕಾಲದವರೇ. ಯಾರು ಹಳಬ, ಯಾರು ಹೊಸಬ ಎಂಬ ಹಾಸ್ಯವನ್ನು ಈಗ ಟಿಪ್ಪಣಿಯಿಲ್ಲದೆ ತಿಳಿಯುವುದು ಕಷ್ಟವಾಗುತ್ತಿದೆ.

ಕಾರ್ಯಕ್ರಮವು ಮುಗಿಯುವುದು 'ವೈಟ್ ಕ್ರಿಸ್ಮಸ್' ಹಾಡಿನಿಂದ. 1942ರ ಮುದ್ರಿಕೆಯನ್ನೂ ಇದನ್ನೂ ಒಂದಾದ ಮೇಲೊಂದರಂತೆ ಕೇಳಿದರೆ ಧ್ವನಿಯು ಮಾಗಿ ಭಾರವಾಗಿರುವುದು ತಿಳಿಯುತ್ತದೆ. ಉಸಿರನ್ನು ಹಿಡಿದು ಪದದ ಕೊನೆಯನ್ನು ಮೆಲ್ಲನೆ ಕೆಳಗಿಡುವ ಹಳೆಯ ಕ್ರಮ ಮಾತ್ರ ಹಾಗೆಯೇ ಇದೆ. ಪೀಠಿಕೆಯ ಚರಣವನ್ನು, ಅಂದರೆ ಬಿಸಿಲಿನಲ್ಲಿ ಕುಳಿತವನ ಮಾತನ್ನು, ಇಲ್ಲಿಯೂ ಆತನು ಹಾಡುವುದಿಲ್ಲ.